ಎಬಿಎಸ್‌ಎನ್ ತಯಾರಿ: ಎರಡೆರಡು ದಾರಿ ಹಿಡಿದು ನೋಡಿದೆ, ಯಾವುದು ಕೈ ಹಿಡಿಯಿತು?

ನಾನು ಓದಿದ್ದು ಎಲೆಕ್ಟ್ರಾನಿಕ್ಸ್ ಬಿಇ. ಮದುವೆಯಾಗಿ ಎಚ್-4 ವೀಸಾದಲ್ಲಿ ಅಮೆರಿಕಕ್ಕೆ ಬಂದೆ. ಈಗ ಎಬಿಎಸ್‌ಎನ್ ಎರಡನೇ ಟರ್ಮಿನಲ್ಲಿದ್ದೇನೆ. ಬೇರೆ ವಿಷಯದಲ್ಲಿ ಡಿಗ್ರಿ ಮುಗಿಸಿದವರಿಗೆಂದೇ ಇಲ್ಲಿರುವ ನರ್ಸಿಂಗ್ ಪದವಿ ಇದು. ಹಳೇ ಡಿಗ್ರಿಯ ಕ್ರೆಡಿಟ್ ಲೆಕ್ಕಕ್ಕೆ ಹಿಡಿದು, ನರ್ಸಿಂಗ್ ಭಾಗವನ್ನು ಮಾತ್ರ ಸಾಮಾನ್ಯವಾಗಿ 12ರಿಂದ 18 ತಿಂಗಳಲ್ಲಿ ಓದಿಸುತ್ತಾರೆ. ಕೊನೆಗೆ ಬರೆಯುವುದು ಎಲ್ಲರೂ ಬರೆಯುವ ಎನ್‌ಕ್ಲೆಕ್ಸ್ ಪರೀಕ್ಷೆಯನ್ನೇ. ಸಿಗುವುದೂ ಅದೇ ಆರ್‌ಎನ್ (ರಿಜಿಸ್ಟರ್ಡ್ ನರ್ಸ್) ಲೈಸೆನ್ಸ್.

ನನ್ನ ಕೋರ್ಸ್ 16 ತಿಂಗಳಿನದು. ಅದಕ್ಕೆ ಸೇರುವ ತಯಾರಿಗೆ ಎರಡು ವರ್ಷ ಹಿಡಿಯಿತು. ಆ ಎರಡು ವರ್ಷ ಹೆಜ್ಜೆಹೆಜ್ಜೆಗೂ ‘ಇದಾ, ಅದಾ?’ ಎಂಬ ಪ್ರಶ್ನೆ. ಒಮ್ಮೆ ದುಡ್ಡಿನ ಕಾರಣಕ್ಕೆ, ಒಮ್ಮೆ ವೀಸಾದ ಕಾರಣಕ್ಕೆ, ಹಲವು ಕಡೆ ಎರಡನ್ನೂ ಮಾಡಿ ನೋಡಿದೆ. ನನ್ನ ಹಾಗೆಯೇ ರಾತ್ರಿ ಮಕ್ಕಳನ್ನು ಮಲಗಿಸಿ ಕಾಲೇಜುಗಳ ಪಟ್ಟಿ ಹುಡುಕುತ್ತಾ ಕೂರುವವರು ಬಹಳ ಜನ ಇದ್ದಾರೆ. ಅವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಮನೆಯಲ್ಲಿ ಅನಾಟಮಿ, ಕ್ಲಾಸಿನಲ್ಲಿ ಅನಾಟಮಿ

ಎಬಿಎಸ್‌ಎನ್‌ಗೆ ಅರ್ಜಿ ಹಾಕುವ ಮುಂಚೆ ಕೆಲವು ವಿಷಯ ಓದಿ ಮುಗಿಸಿರಬೇಕು. ಇವಕ್ಕೆ ಪ್ರೀರೆಕ್ವಿಸಿಟ್ ಎನ್ನುತ್ತಾರೆ. ಅನಾಟಮಿ ಮತ್ತು ಫಿಸಿಯಾಲಜಿ ಎರಡು ಭಾಗ, ಮೈಕ್ರೋಬಯಾಲಜಿ, ಸ್ಟ್ಯಾಟಿಸ್ಟಿಕ್ಸ್, ನ್ಯೂಟ್ರಿಷನ್, ಮನುಷ್ಯನ ಬೆಳವಣಿಗೆಯ ಸೈಕಾಲಜಿ ಬಹಳ ಕಡೆ ಬೇಕೇ ಬೇಕು. ಕೆಲವರು ಕೆಮಿಸ್ಟ್ರಿಯನ್ನೂ ಕೇಳುತ್ತಾರೆ. ಬಿಇ ಮೊದಲ ವರ್ಷದಲ್ಲಿ ಓದಿದ ಕೆಮಿಸ್ಟ್ರಿ ನನ್ನ ಪಾಲಿಗೆ ಇದ್ದೂ ಇಲ್ಲದಂತಾಯಿತು. ವಿಜ್ಞಾನದ ವಿಷಯಗಳನ್ನು ಕಳೆದ ಐದು ಅಥವಾ ಏಳು ವರ್ಷದೊಳಗೆ ಓದಿರಬೇಕು ಎಂಬ ನಿಯಮ ಬಹಳ ಕಾಲೇಜುಗಳಲ್ಲಿದೆ.

ಅನಾಟಮಿ ಮೊದಲ ಭಾಗವನ್ನು ನಾನು ಆನ್‌ಲೈನ್‌ನಲ್ಲಿ ಮಾಡಿದೆ. ಯಾವಾಗ ಬೇಕಾದರೂ ಶುರು ಮಾಡಬಹುದು, ನಮ್ಮ ವೇಗದಲ್ಲಿ ಮುಗಿಸಬಹುದು. ಮಗಳಿಗೆ ಆಗ ನಾಲ್ಕು ವರ್ಷ. ಅವಳು ಮಲಗಿದ ಮೇಲೆ ರಾತ್ರಿ ಹತ್ತರಿಂದ ಹನ್ನೆರಡರವರೆಗೆ ಓದಿದೆ. ಒಂಬತ್ತು ವಾರದಲ್ಲಿ ಮುಗಿಯಿತು, ಎ ಗ್ರೇಡ್ ಬಂತು. ಆಗ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ ಅನ್ನಿಸಿತ್ತು.

ತೊಂದರೆ ಇದ್ದದ್ದು ಲ್ಯಾಬಿನಲ್ಲಿ. ಮೂಳೆ, ಸ್ನಾಯು, ನರ ಎಲ್ಲವೂ ಪರದೆಯ ಮೇಲೆ. ಮೌಸ್ ಒತ್ತಿದರೆ ಹೆಸರು ಬರುತ್ತದೆ. ಪರೀಕ್ಷೆಯ ಮುಂಚೆ ಕ್ಯಾಮೆರಾ ತಿರುಗಿಸಿ ಇಡೀ ಕೋಣೆ ತೋರಿಸಬೇಕು. ಒಂದು ಸಲ ಅರ್ಧ ಪರೀಕ್ಷೆಯಲ್ಲಿ ಆ ಕಾವಲು ಸಾಫ್ಟ್‌ವೇರ್ ನಿಂತೇ ಹೋಯಿತು. ಅದನ್ನು ಮತ್ತೆ ಬರೆಯಲು ಹನ್ನೊಂದು ದಿನ ಕಾಯಬೇಕಾಯಿತು. ಅದಕ್ಕಿಂತ ದೊಡ್ಡ ಪೆಟ್ಟು ಆಮೇಲೆ ಬಿತ್ತು. ನಾನು ಆರಿಸಿಟ್ಟಿದ್ದ ಆರು ಕಾಲೇಜುಗಳಲ್ಲಿ ಎರಡು, ಆನ್‌ಲೈನ್ ಲ್ಯಾಬ್ ಒಪ್ಪುವುದಿಲ್ಲ ಎಂದವು. ದುಡ್ಡು ಕಟ್ಟುವ ಮುಂಚೆಯೇ ಅಡ್ಮಿಷನ್ ಆಫೀಸಿಗೆ ಒಂದು ಇಮೇಲ್ ಹಾಕಿ ಕೇಳಬೇಕಿತ್ತು. ನೀವು ದಯವಿಟ್ಟು ಕೇಳಿ. ಉತ್ತರ ಬರಹದಲ್ಲೇ ಇರಲಿ.

ಎರಡನೇ ಭಾಗವನ್ನು ನಮ್ಮ ಕೌಂಟಿಯ ಕಮ್ಯುನಿಟಿ ಕಾಲೇಜಿನಲ್ಲಿ ಮಾಡಿದೆ. 16 ವಾರ. ವಾರಕ್ಕೆ ಎರಡು ಸಂಜೆ ಕ್ಲಾಸ್, ಒಂದು ಸಂಜೆ ಲ್ಯಾಬ್. ಮಗಳನ್ನು ನೋಡಿಕೊಳ್ಳಲು ಮನೆಯವರು ಆ ಮೂರು ಸಂಜೆ ಬೇಗ ಬರಬೇಕಿತ್ತು. ಚಳಿಯಲ್ಲಿ 35 ನಿಮಿಷ ಕಾರು ಓಡಿಸಿ ಹೋಗುವಾಗ ಎಷ್ಟೋ ಸಲ ಆನ್‌ಲೈನೇ ಸಾಕಿತ್ತು ಅನ್ನಿಸಿದ್ದಿದೆ.

ಆದರೆ ಒಂದು ಸಂಜೆ ಕುರಿಯ ಹೃದಯ ಕೊಯ್ದೆವು. ಎಡ ಕುಹರದ ಗೋಡೆ ಎಷ್ಟು ದಪ್ಪ, ಬಲದ್ದು ಎಷ್ಟು ತೆಳು ಎಂದು ಹೆಬ್ಬೆರಳಿಗೆ ಗೊತ್ತಾಯಿತು. ಬಲಭಾಗ ರಕ್ತವನ್ನು ಪಕ್ಕದ ಶ್ವಾಸಕೋಶಕ್ಕೆ ಕಳಿಸಿದರೆ ಸಾಕು, ಎಡಭಾಗ ಇಡೀ ಮೈಗೆ ತಳ್ಳಬೇಕು. ಈ ಮಾತನ್ನು ಪುಸ್ತಕದಲ್ಲಿ ಮೊದಲೇ ಓದಿದ್ದೆ. ಅವತ್ತಿನ ನಂತರ ಅದನ್ನು ನೆನಪಿಟ್ಟುಕೊಳ್ಳುವ ಅಗತ್ಯವೇ ಬೀಳಲಿಲ್ಲ. ಈ ಟರ್ಮಿನಲ್ಲಿ ಹಾರ್ಟ್ ಫೇಲ್ಯೂರ್ ಪಾಠ ಬಂತು. ಎಡಭಾಗ ಸೋತರೆ ನೀರು ಶ್ವಾಸಕೋಶದಲ್ಲಿ ನಿಲ್ಲುತ್ತದೆ, ಬಲಭಾಗ ಸೋತರೆ ಕಾಲು ಊದುತ್ತದೆ ಎಂದು ಮೇಡಂ ಹೇಳಿದಾಗ ಆ ಕುರಿಯ ಹೃದಯವೇ ಕಣ್ಣಮುಂದೆ ಬಂತು.

ಮೊದಲ ಭಾಗದಲ್ಲಿ ಓದಿದ ನರಮಂಡಲ? ಹನ್ನೆರಡು ಕ್ರೇನಿಯಲ್ ನರಗಳನ್ನು ಈಗ ಮತ್ತೆ ಮೊದಲಿನಿಂದ ಓದಬೇಕಾಯಿತು. ಎರಡರಲ್ಲೂ ನನಗೆ ಎ ಗ್ರೇಡೇ ಬಂದಿತ್ತು. ಗ್ರೇಡ್ ನೋಡಿದರೆ ಈ ವ್ಯತ್ಯಾಸ ಯಾರಿಗೂ ಗೊತ್ತಾಗುವುದಿಲ್ಲ.

ಹಾಗಾಗಿ ನನ್ನ ಲೆಕ್ಕ ಹೀಗೆ: ಸ್ಟ್ಯಾಟಿಸ್ಟಿಕ್ಸ್, ನ್ಯೂಟ್ರಿಷನ್, ಸೈಕಾಲಜಿ ಆನ್‌ಲೈನ್‌ನಲ್ಲಿ ಧೈರ್ಯವಾಗಿ ಮಾಡಿ. ಅನಾಟಮಿ ಎರಡೂ ಭಾಗ, ಮೈಕ್ರೋಬಯಾಲಜಿ ಇವಿಷ್ಟನ್ನು ಸಾಧ್ಯವಾದರೆ ಕ್ಲಾಸಿಗೆ ಹೋಗಿಯೇ ಓದಿ. ಎಬಿಎಸ್‌ಎನ್ ಶುರುವಾದ ಮೇಲೆ ಹಿಂದೆ ತಿರುಗಿ ಓದಲು ಯಾರೂ ಸಮಯ ಕೊಡುವುದಿಲ್ಲ.

ಅಂಕಪಟ್ಟಿಯ ವಿಷಯ

ಭಾರತದ ಡಿಗ್ರಿಯನ್ನು ಇಲ್ಲಿಯ ಲೆಕ್ಕಕ್ಕೆ ತರಿಸಬೇಕು. ಡಬ್ಲ್ಯೂಇಎಸ್‌ನಂಥ ಸಂಸ್ಥೆಗಳಲ್ಲಿ ಎರಡು ಬಗೆಯ ವರದಿ ಸಿಗುತ್ತದೆ. ಒಂದರಲ್ಲಿ ಡಿಗ್ರಿ ಯಾವುದಕ್ಕೆ ಸಮ ಎಂದು ಮಾತ್ರ ಇರುತ್ತದೆ, ಅದು ಅಗ್ಗ. ಇನ್ನೊಂದರಲ್ಲಿ ಪ್ರತಿ ವಿಷಯದ ಕ್ರೆಡಿಟ್, ಗ್ರೇಡ್, ಜಿಪಿಎ ಎಲ್ಲ ಇರುತ್ತದೆ. ನಾನು ಮೊದಲು ಅಗ್ಗದ್ದು ಮಾಡಿಸಿದೆ. ಅರ್ಜಿ ಹಾಕಿದ ಕಡೆಯೆಲ್ಲ ಕೋರ್ಸ್-ಬೈ-ಕೋರ್ಸ್ ವರದಿಯೇ ಬೇಕು ಎಂದರು, ಮತ್ತೆ ದುಡ್ಡು ಕಟ್ಟಿದೆ. ಮೊದಲೇ ಅದನ್ನೇ ಮಾಡಿಸಿ. ಊರಿನ ಯೂನಿವರ್ಸಿಟಿಯಿಂದ ಸೀಲ್ ಹಾಕಿದ ಅಂಕಪಟ್ಟಿ ತರಿಸಲು ಅಣ್ಣ ನಾಲ್ಕು ಸಲ ಓಡಾಡಿದ್ದಾನೆ. ಬೇರೆ ಏನು ಶುರು ಮಾಡುವ ಮುಂಚೆಯೂ ಈ ಕೆಲಸ ಶುರು ಮಾಡಿ.

ಟೀಸ್ ಮತ್ತು ಹೆಸಿ

ಪ್ರವೇಶ ಪರೀಕ್ಷೆಗಳಲ್ಲಿ ಜಾಸ್ತಿ ಕೇಳುವುದು ಇವೆರಡು. ಎಟಿಐ ಸಂಸ್ಥೆಯ ಟೀಸ್, ಎಲ್ಸೆವಿಯರ್ ಸಂಸ್ಥೆಯ ಹೆಸಿ ಎ2. ನನ್ನ ಪಟ್ಟಿಯ ಕಾಲೇಜುಗಳು ಎರಡು ಗುಂಪಾಗಿದ್ದರಿಂದ ಎರಡನ್ನೂ ಬರೆದೆ.

ಟೀಸ್‌ನ ರೂಪ ಎಲ್ಲ ಕಡೆ ಒಂದೇ. 170 ಪ್ರಶ್ನೆ, 209 ನಿಮಿಷ. ಓದುವುದು, ಗಣಿತ, ವಿಜ್ಞಾನ, ಇಂಗ್ಲಿಷ್ ಎಂದು ನಾಲ್ಕು ಭಾಗ. ಇವುಗಳಲ್ಲಿ 20 ಪ್ರಶ್ನೆಗೆ ಅಂಕವೇ ಇಲ್ಲ, ಆದರೆ ಯಾವ 20 ಎಂದು ನಮಗೆ ಗೊತ್ತಾಗುವುದಿಲ್ಲ. ಗಣಿತ ಭಾಗ ನಮ್ಮ ಹೈಸ್ಕೂಲ್ ಮಟ್ಟದ್ದು, ಪರದೆಯ ಮೇಲೆ ಕ್ಯಾಲ್ಕುಲೇಟರ್ ಕೂಡ ಇರುತ್ತದೆ. ನನಗೆ ಕಷ್ಟವಾಗಿದ್ದು ಓದುವ ಭಾಗ. ಬರೆದವರ ಉದ್ದೇಶ ಏನು, ಇದು ಅಭಿಪ್ರಾಯವಾ ಸಂಗತಿಯಾ ಎಂದೆಲ್ಲ ಕೇಳುತ್ತಾರೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು, ಏನಾಗುತ್ತದೆ ಎಂದುಕೊಂಡು ಅದನ್ನು ಅಭ್ಯಾಸ ಮಾಡಿರಲಿಲ್ಲ. ವಿಜ್ಞಾನದಲ್ಲಿ ಅರ್ಧದ ಹತ್ತಿರ ಅನಾಟಮಿಯೇ. ಕ್ಲಾಸಿನಲ್ಲಿ ಓದಿದ ಎರಡನೇ ಭಾಗ ಅಲ್ಲಿಯೂ ಕೈ ಹಿಡಿಯಿತು. 100ಕ್ಕೆ 86 ಬಂತು.

ಹೆಸಿಯಲ್ಲಿ ಯಾವ ವಿಭಾಗ ಬರೆಯಬೇಕು ಎಂದು ಕಾಲೇಜು ತೀರ್ಮಾನಿಸುತ್ತದೆ. ನನಗೆ ಗಣಿತ, ಓದು, ಶಬ್ದಸಂಪತ್ತು, ವ್ಯಾಕರಣ, ಅನಾಟಮಿ ಇದ್ದವು. ಇನ್ನೊಂದು ಕಾಲೇಜಿಗೆ ಬರೆದ ಗೆಳತಿಗೆ ಕೆಮಿಸ್ಟ್ರಿ ಕೂಡ ಇತ್ತು. ಪ್ರತಿ ವಿಭಾಗಕ್ಕೂ ಬೇರೆ ಅಂಕ ಬರುತ್ತದೆ. ಗಣಿತದಲ್ಲಿ ಔನ್ಸ್, ಕಪ್, ಪೌಂಡ್ ಲೆಕ್ಕ ಬಂದವು. ಲೀಟರ್, ಕಿಲೋದಲ್ಲಿ ಬೆಳೆದವರು ಇದನ್ನು ಕೂತು ಬಾಯಿಪಾಠ ಮಾಡಲೇಬೇಕು. ಒಂದು ಕಪ್‌ಗೆ 8 ಔನ್ಸ್, ಒಂದು ಔನ್ಸ್ ಅಂದರೆ ಸುಮಾರು 30 ಎಂಎಲ್, ಒಂದು ಕೆಜಿ ಅಂದರೆ 2.2 ಪೌಂಡ್. ಈ ಪಟ್ಟಿಯನ್ನು ಅಡುಗೆಮನೆಯ ಕಪಾಟಿಗೆ ಅಂಟಿಸಿದ್ದೆ. ಅದು ಇವತ್ತಿಗೂ ಅಲ್ಲೇ ಇದೆ, ಯಾಕೆಂದರೆ ಔಷಧದ ಡೋಸ್ ಲೆಕ್ಕಕ್ಕೆ ಅದೇ ಬೇಕು.

ಎರಡರಲ್ಲಿ ನನಗೆ ಸಲೀಸಾಗಿದ್ದು ಹೆಸಿ. ಪ್ರಶ್ನೆಗಳು ನೇರ. ಓದಿದ್ದರೆ ಗೊತ್ತು, ಇಲ್ಲದಿದ್ದರೆ ಇಲ್ಲ. ಟೀಸ್‌ನಲ್ಲಿ ಗಡಿಯಾರದ ಒತ್ತಡ ಜಾಸ್ತಿ. ಆದರೆ ಒಮ್ಮೆ ಬರೆದ ಟೀಸ್ ಅಂಕವನ್ನು ನಾನು ಮೂರು ಕಾಲೇಜಿಗೆ ಕಳಿಸಿದೆ, ಹೆಸಿ ಒಂದೇ ಕಡೆ ಉಪಯೋಗಕ್ಕೆ ಬಂತು. ಎರಡಕ್ಕೂ ಓದಲು ಸಮಯವಿಲ್ಲ ಎನ್ನುವವರು ಮೊದಲು ತಮ್ಮ ಪಟ್ಟಿಯ ಕಾಲೇಜುಗಳು ಏನು ಕೇಳುತ್ತವೆ ನೋಡಿ. ಎಷ್ಟು ಸಲ ಬರೆಯಲು ಬಿಡುತ್ತಾರೆ ಎಂಬುದನ್ನೂ ನೋಡಿ. ಎರಡು ಪರೀಕ್ಷೆಗೂ ಆರು ವಾರಕ್ಕಿಂತ ಜಾಸ್ತಿ ಓದುವ ಅಗತ್ಯ ನನಗೆ ಕಾಣಲಿಲ್ಲ.

ವಾಲಂಟಿಯರ್ ಕೆಲಸ, ಸಿಎನ್‌ಎ ಕೆಲಸ

ಇದು ನನ್ನ ಮನಸ್ಸಿಗೆ ಹತ್ತಿರದ ವಿಷಯ.

ಇಎಡಿ, ಅಂದರೆ ಕೆಲಸದ ಪರ್ಮಿಟ್ ಇಲ್ಲದೆ ಎಚ್-4ನಲ್ಲಿ ಸಂಬಳದ ಕೆಲಸ ಮಾಡುವಂತಿಲ್ಲ. ಓದಲು ಅಡ್ಡಿಯಿಲ್ಲ. ಹಾಗಾಗಿ ಮೊದಲ ಎಂಟು ತಿಂಗಳು ಒಂದು ಆಸ್ಪತ್ರೆಯಲ್ಲಿ ವಾರಕ್ಕೆ ನಾಲ್ಕು ಗಂಟೆ ವಾಲಂಟಿಯರ್ ಆಗಿದ್ದೆ. ವೀಲ್‌ಚೇರ್ ತಳ್ಳುವುದು, ಕಂಬಳಿ ಕೊಡುವುದು, ಬಂದವರಿಗೆ ದಾರಿ ತೋರಿಸುವುದು. ರೋಗಿಯನ್ನು ಮುಟ್ಟುವಂತಿಲ್ಲ. ಆದರೂ ನರ್ಸ್‌ಗಳು ಹೇಗೆ ನಡೆಯುತ್ತಾರೆ, ಮಾತು ಎಲ್ಲಿ ತಗ್ಗಿಸುತ್ತಾರೆ, ಶಿಫ್ಟ್ ಬದಲಾಗುವಾಗ ಏನು ಹೇಳಿಕೊಳ್ಳುತ್ತಾರೆ ಎಂದು ನೋಡಲು ಸಿಕ್ಕಿತು. ಈ ಕೆಲಸ ನನಗೆ ಬೇಕು ಎಂದು ಗಟ್ಟಿಯಾಗಿದ್ದು ಅಲ್ಲೇ.

ಇಎಡಿ ಬಂದ ಮೇಲೆ ಸಿಎನ್‌ಎ, ಅಂದರೆ ನರ್ಸ್‌ಗಳ ಕೈಕೆಳಗೆ ರೋಗಿಗಳ ಆರೈಕೆ ಮಾಡುವ ಸಹಾಯಕರ ತರಬೇತಿ ಪಡೆದೆ. ಫೆಡರಲ್ ಕಾನೂನಿನ ಪ್ರಕಾರ ಕನಿಷ್ಠ 75 ಗಂಟೆ ತರಬೇತಿ ಬೇಕು, ಕೆಲವು ರಾಜ್ಯಗಳಲ್ಲಿ ಇನ್ನೂ ಜಾಸ್ತಿ. ಆಮೇಲೆ ಒಂದು ನರ್ಸಿಂಗ್ ಹೋಮಿನಲ್ಲಿ ನಾಲ್ಕು ತಿಂಗಳು ಕೆಲಸ. ಇಲ್ಲಿ ನರ್ಸಿಂಗ್ ಹೋಮ್ ಅಂದರೆ ನಮ್ಮೂರಿನ ಚಿಕ್ಕ ಆಸ್ಪತ್ರೆಯಲ್ಲ, ವಯಸ್ಸಾದವರು ಉಳಿದುಕೊಂಡು ಆರೈಕೆ ಪಡೆಯುವ ಜಾಗ.

ಮೊದಲ ದಿನ ಒಬ್ಬ ಅಜ್ಜಿಗೆ ಹಾಸಿಗೆಯಲ್ಲೇ ಸ್ನಾನ ಮಾಡಿಸಬೇಕಿತ್ತು. ನನ್ನ ಕೈ ನಡುಗುತ್ತಿತ್ತು. ನೀರು ಬೆಚ್ಚಗಿದೆಯಾ ಎಂದು ಕೇಳಬೇಕು, ಒರೆಸುತ್ತಿರುವ ಕೈ ಒಂದನ್ನು ಬಿಟ್ಟು ಉಳಿದ ಮೈಯೆಲ್ಲ ಮುಚ್ಚಿರಬೇಕು. ತರಬೇತಿಯಲ್ಲಿ ಕಲಿತಿದ್ದೆ. ಆದರೆ ಎದುರಿಗೆ ಜೀವ ಇರುವಾಗ ಅದು ಬೇರೆಯೇ. ಅಜ್ಜಿಯೇ ನನ್ನ ಕೈ ಹಿಡಿದು, ನಿಧಾನಕ್ಕೆ ಮಾಡು ಎಂದರು. ಕಾಲೇಜಿನ ಅರ್ಜಿಯ ಪ್ರಬಂಧದಲ್ಲಿ ನಾನು ಬರೆದಿದ್ದು ಇದನ್ನೇ.

ಎಬಿಎಸ್‌ಎನ್‌ನ ಮೊದಲ ಕ್ಲಿನಿಕಲ್ (ರೋಗಿಗಳ ಬಳಿಯೇ ಕಲಿಯುವ) ವಾರಗಳಲ್ಲಿ ಇದರ ಬೆಲೆ ಗೊತ್ತಾಯಿತು. ಜೊತೆಯವರು ರೋಗಿಯನ್ನು ಹೊರಳಿಸಲು ಹೆದರುತ್ತಿದ್ದರು. ನನಗೆ ಆ ಹೆದರಿಕೆ ಇರಲಿಲ್ಲ, ಹಾಗಾಗಿ ಔಷಧ, ಲ್ಯಾಬ್ ರಿಪೋರ್ಟ್ ಕಡೆ ಗಮನ ಕೊಡಲು ಆಯಿತು. ಆದರೆ ಸಿಎನ್‌ಎ ಕೆಲಸ ಮೈ ಮುರಿಯುವಂಥದ್ದು. ಟೀಸ್‌ಗೆ ಓದುವಾಗಲೇ ಆ ಕೆಲಸವೂ ಇತ್ತು. ಎಷ್ಟೋ ರಾತ್ರಿ ಪುಸ್ತಕದ ಮೇಲೇ ನಿದ್ದೆ. ಪರೀಕ್ಷೆ ಮುಗಿಸಿಕೊಂಡು ಆಮೇಲೆ ಸೇರಿದರೆ ಒಳ್ಳೆಯದು. ಮೂರು ತಿಂಗಳು ಸಾಕು. ಕೆಲಸದ ಪರ್ಮಿಟ್ ಇಲ್ಲದವರು ಬೇಸರ ಮಾಡಿಕೊಳ್ಳಬೇಡಿ, ವಾಲಂಟಿಯರ್ ಅನುಭವಕ್ಕೂ ಅರ್ಜಿಯಲ್ಲಿ ಜಾಗವಿದೆ.

12 ತಿಂಗಳು, 16 ತಿಂಗಳು

ಎರಡು ಕಡೆ ಸೀಟು ಸಿಕ್ಕಿತು. ಎರಡೂ ನರ್ಸಿಂಗ್ ಕೋರ್ಸ್‌ಗಳಿಗೆ ಮಾನ್ಯತೆ ಕೊಡುವ ಸಿಸಿಎನ್‌ಇ ಸಂಸ್ಥೆಯ ಮಾನ್ಯತೆ ಇರುವ ಕೋರ್ಸ್. ಎರಡು ಕಡೆಯೂ ಕೇಳಿಕೊಂಡು ಒಂದೊಂದು ದಿನ ಕ್ಲಾಸಿನಲ್ಲಿ ಕೂತು ಬಂದೆ. 12 ತಿಂಗಳ ಕಡೆ ವಾರಕ್ಕೆ ಎರಡು ದಿನ 12 ಗಂಟೆಯ ಕ್ಲಿನಿಕಲ್, ಹೆಚ್ಚುಕಡಿಮೆ ಪ್ರತಿ ವಾರ ಒಂದು ಪರೀಕ್ಷೆ, ರಜೆ ಎಂಬುದು ಬರೀ ಎರಡು ವಾರ. ಅಲ್ಲಿದ್ದ ಹುಡುಗಿಯೊಬ್ಬಳು ಮನೆಯಲ್ಲಿ ಅಡುಗೆ ಯಾರು ಮಾಡುತ್ತಾರೆ ಎಂದು ಮೊದಲು ಕೇಳಿದಳು. ಆ ಪ್ರಶ್ನೆ ನನಗೆ ತುಂಬಾ ಉಪಕಾರ ಮಾಡಿತು.

ಎನ್‌ಕ್ಲೆಕ್ಸ್ ಅನ್ನು ಮೊದಲ ಸಲಕ್ಕೇ ಎಷ್ಟು ಜನ ಪಾಸಾಗುತ್ತಾರೆ ಎಂಬ ಲೆಕ್ಕವನ್ನು ರಾಜ್ಯದ ನರ್ಸಿಂಗ್ ಬೋರ್ಡ್ ಕಾಲೇಜುವಾರು ಕೊಡುತ್ತದೆ. ಎರಡೂ ಕಡೆ ಅದು ಚೆನ್ನಾಗಿಯೇ ಇತ್ತು. ಆದರೆ ಆ ಲೆಕ್ಕದಲ್ಲಿ ಬರುವುದು ಪರೀಕ್ಷೆವರೆಗೆ ತಲುಪಿದವರು ಮಾತ್ರ. ನಡುವೆ ಬಿಟ್ಟುಹೋದವರು ಅದರಲ್ಲಿ ಇಲ್ಲ. ಆದ್ದರಿಂದ ಶುರುವಿನಲ್ಲಿ ಎಷ್ಟು ಜನ ಇದ್ದರು, ಸಮಯಕ್ಕೆ ಸರಿಯಾಗಿ ಎಷ್ಟು ಜನ ಮುಗಿಸಿದರು ಎಂದು ಕೇಳಿದೆ. 16 ತಿಂಗಳ ಕಾಲೇಜು ಕೂಡಲೇ ಸಂಖ್ಯೆ ಕೊಟ್ಟಿತು. ಇನ್ನೊಂದು ಕಡೆ ಮೂರು ಸಲ ಕೇಳಿದರೂ ಬಾಯಿಮಾತಿನ ಭರವಸೆ ಮಾತ್ರ ಸಿಕ್ಕಿತು.

ದುಡ್ಡಿನ ಲೆಕ್ಕದಲ್ಲಿ 12 ತಿಂಗಳದ್ದೇ ಮುಂದಿತ್ತು. ನಾಲ್ಕು ತಿಂಗಳು ಮುಂಚೆ ಸಂಬಳ ಶುರುವಾಗುತ್ತಿತ್ತು. ಎಚ್-4ನಲ್ಲಿರುವವರಿಗೆ ಫೆಡರಲ್ ಸಾಲ ಸಿಗುವುದಿಲ್ಲ. ಗ್ರೀನ್ ಕಾರ್ಡ್ ಇದ್ದವರಿಗೂ ಪೆಲ್ ಗ್ರಾಂಟ್ ಎಂಬ ಸರ್ಕಾರಿ ಧನಸಹಾಯ ಮೊದಲ ಡಿಗ್ರಿಗೆ ಮಾತ್ರ. ನಾವು ಉಳಿತಾಯದಿಂದಲೇ ಕಟ್ಟುತ್ತಿದ್ದೇವೆ. ಆದರೂ 16 ತಿಂಗಳದ್ದನ್ನೇ ಆರಿಸಿಕೊಂಡೆ. ಒಂದು ವಿಷಯದಲ್ಲಿ ಫೇಲಾದರೆ ಮುಂದಿನ ಬ್ಯಾಚ್‌ವರೆಗೆ ಕಾಯಬೇಕು, ಆಗ ಆ ನಾಲ್ಕು ತಿಂಗಳ ಲಾಭ ಎಲ್ಲಿ ಉಳಿಯುತ್ತದೆ? ಮಕ್ಕಳಿಲ್ಲದವರು, ಮನೆಯಲ್ಲಿ ಅತ್ತೆಯೋ ಅಮ್ಮನೋ ಜೊತೆಗಿರುವವರು 12 ತಿಂಗಳದ್ದನ್ನು ಯೋಚಿಸಬಹುದು. ನನ್ನ ಗೆಳತಿಯೊಬ್ಬಳು ಅಮ್ಮನನ್ನು ಊರಿನಿಂದ ಕರೆಸಿಕೊಂಡು ಅದನ್ನೇ ಮುಗಿಸಿದಳು, ಚೆನ್ನಾಗಿಯೇ ಮುಗಿಸಿದಳು.

ಸೀಟು ಸಿಕ್ಕ ಮೇಲೆ ಆರೋಗ್ಯದ ಕಾಗದಗಳು ಬೇಕು. ಇಲ್ಲಿಯೂ ಎರಡು ಆಯ್ಕೆ ಇವೆ, ಗೊತ್ತಿದ್ದರೆ ಒಳ್ಳೆಯದು. ಚಿಕ್ಕಂದಿನಲ್ಲಿ ಬಿಸಿಜಿ ಹಾಕಿಸಿಕೊಂಡ ನಮ್ಮಂಥವರಿಗೆ ಟಿಬಿ ಚರ್ಮದ ಪರೀಕ್ಷೆ ಸುಮ್ನೆ ಪಾಸಿಟಿವ್ ಬರಬಹುದು. ನನಗೆ ಬಂತು, ಎಕ್ಸ್‌ರೇವರೆಗೆ ಹೋಯಿತು. ಕ್ವಾಂಟಿಫೆರಾನ್‌ನಂಥ ರಕ್ತಪರೀಕ್ಷೆಗೆ ಬಿಸಿಜಿಯಿಂದ ಆ ಗೊಂದಲ ಆಗುವುದಿಲ್ಲ, ಮೊದಲೇ ಅದನ್ನು ಕೇಳಿ. ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸಿನದಾದರೆ ಆರು ತಿಂಗಳು ಬೇಕು. ಹೆಪ್ಲಿಸಾವ್ ಎಂಬ ಎರಡು ಡೋಸಿನದು ಒಂದು ತಿಂಗಳಲ್ಲಿ ಮುಗಿಯುತ್ತದೆ. ಕ್ಲಾಸ್ ಶುರುವಾಗಲು ಏಳು ವಾರ ಇತ್ತು, ನಾನು ಎರಡನೆಯದನ್ನೇ ಹಾಕಿಸಿಕೊಂಡೆ.