ಕ್ವಾರ್ಟ್ಸ್ ಕಟ್ಟೆಗೆ ಪಾಲಿಶ್ ಮಾಡಿಸಿ 2,200 ರೂಪಾಯಿ ಕಳೆದುಕೊಂಡೆ

ಪುಣೆಯ ವಾಕಡ್‌ನಲ್ಲಿ ನಮ್ಮ ಫ್ಲಾಟ್. ಅಡುಗೆಮನೆಯ ಗ್ಯಾಸ್ ಕಟ್ಟೆ ಬಿಳಿ ಕ್ವಾರ್ಟ್ಸ್, ಹಾಕಿಸಿ ನಾಲ್ಕು ವರ್ಷ ಆಯಿತು. ದೀಪಾವಳಿಗೆ ಮುಂಚೆ, ಮನೆಗೇ ಬಂದು ಕಿಚನ್ ಕ್ಲೀನ್ ಮಾಡಿಕೊಡುವವರನ್ನು ಕರೆಸಿದ್ದೆ. ಹೆಸರು ಬೇಡ, ಇಂಥವರು ಊರ ತುಂಬಾ ಇದ್ದಾರೆ. ಚಿಮ್ನಿ ಕೆಲಸಕ್ಕೆ 5ಕ್ಕೆ 4 ಕೊಡುತ್ತೇನೆ, ಜಾಲರಿಯ ಜಿಡ್ಡೆಲ್ಲ ಹೋಗಿ ಹೊಸದರ ಹಾಗಾಗಿದೆ. ಕಟ್ಟೆಗೆ ಮಾತ್ರ 5ಕ್ಕೆ 1, ಅದೂ ಟೈಮಿಗೆ ಸರಿಯಾಗಿ ಬಂದರಲ್ಲ ಅಂತ.

ಕಟ್ಟೆಯ ಮೇಲೆ ಮೂರು ಥರ ಕಲೆ ಇತ್ತು. ಮಿಕ್ಸರ್ ಪಕ್ಕ ಅರಿಶಿನ, ನಲ್ಲಿಯ ಬುಡದಲ್ಲಿ ಟ್ಯಾಂಕರ್ ನೀರಿನ ಬಿಳಿ ಪದರ, ಮತ್ತೆ ಗ್ಯಾಸಿನ ಬಲಗಡೆ ಒಂದು ಕಂದು ಉಂಗುರ. ಈ ಉಂಗುರ ಅತ್ತೆಯದು. ವಿಜಯಪುರದಿಂದ ಬಂದಾಗ ಜೋಳದ ರೊಟ್ಟಿ ಮಾಡಿ ಮುಗಿಸಿ, ಕಾದ ಹಂಚನ್ನು ಸೀದಾ ಕಟ್ಟೆಯ ಮೇಲೆ ಇಳಿಸಿದ್ದರು. ನಾನು ಅಯ್ಯೋ ಅನ್ನುವಷ್ಟರಲ್ಲಿ "ಕಲ್ಲ ಐತಲ್ಲ, ಕಲ್ಲಿಗೇನಾಗತೈತಿ ಬಿಡವಾ" ಅಂದರು. ಅವರದೇನೂ ತಪ್ಪಿಲ್ಲ. ಊರಲ್ಲಿ ಅವರ ಕಟ್ಟೆ ಕಪ್ಪು ಕಡಪಾ ಕಲ್ಲು, ಮೂವತ್ತು ವರ್ಷದಿಂದ ಹಂಚಿನ ಬಿಸಿ ತಿಂದುಕೊಂಡೇ ಬಂದಿದೆ. ಕ್ವಾರ್ಟ್ಸ್ ಹಾಗಲ್ಲ. ಗಣಿಯಿಂದ ಕೊಯ್ದು ತಂದ ಹಾಸುಗಲ್ಲಲ್ಲ ಅದು. ನೂರಕ್ಕೆ ಸುಮಾರು 90 ಪಾಲು ಪುಡಿ ಮಾಡಿದ ಕ್ವಾರ್ಟ್ಸ್ ಕಲ್ಲು, ಉಳಿದದ್ದು ಅಂಟಿಸುವ ರೆಸಿನ್ ಮತ್ತು ಬಣ್ಣ. ರೆಸಿನ್ ಪ್ಲಾಸ್ಟಿಕ್ ಜಾತಿಯದೇ ಅಲ್ವಾ, 150 ಡಿಗ್ರಿ ದಾಟಿದರೆ ಸುಡುತ್ತದೆ. ರೊಟ್ಟಿ ಹಂಚು 200 ಡಿಗ್ರಿಗೆ ಸಲೀಸಾಗಿ ಏರುತ್ತದೆ.

ಬಂದ ಇಬ್ಬರು ಹುಡುಗರು ಉಂಗುರ ನೋಡಿ "ಡಾಗ ಸಗಳೆ ಜಾತೀಲ, ತಾಈ" ಅಂದರು, ಕಲೆ ಎಲ್ಲಾ ಹೋಗುತ್ತದೆ ಅಂತ. ಒಬ್ಬ ಹಸಿರು ಸ್ಕ್ರಬ್ಬರ್‌ಗೆ ಪೌಡರ್ ಹಾಕಿ ಉಜ್ಜಿಯೇ ಉಜ್ಜಿದ. ಉಂಗುರ ಅಲ್ಲಾಡಲಿಲ್ಲ. ಇನ್ನೊಬ್ಬ ಟಾಯ್ಲೆಟ್‌ಗೆ ಹಾಕುವ ಆಸಿಡ್ ಬಾಟಲಿ ತೆಗೆದ. ನಾನು ಕೂಗಿಯೇ ನಿಲ್ಲಿಸಿದೆ. ಕೊನೆಗೆ ಏನೋ ಬಿಳಿ ದ್ರವ ಸವರಿ ಬಟ್ಟೆಯಲ್ಲಿ ತಿಕ್ಕಿದರು, ಕಟ್ಟೆ ಕನ್ನಡಿಯ ಹಾಗೆ ಹೊಳೆಯಿತು, ಇದು ಸೀಲಿಂಗ್ (ಕಲ್ಲು ನೀರು, ಕಲೆ ಹೀರದ ಹಾಗೆ ಹಚ್ಚುವ ಲೇಪ), ಒಂದು ವರ್ಷ ಗ್ಯಾರಂಟಿ ಅಂತ ಹೇಳಿ ಫೋಟೋ ತೆಗೆದುಕೊಂಡು ಹೋದರು.

ಹತ್ತೇ ದಿನ. ಸಂಜೆ ಟ್ಯೂಬ್‌ಲೈಟ್ ಹಾಕಿದರೆ ತುಪ್ಪದ ಕೈ ಸವರಿದ ಹಾಗೆ ಗೆರೆ ಗೆರೆ ಕಾಣುತ್ತಿತ್ತು, ಬೆರಳಿನ ಗುರುತೆಲ್ಲ ಎದ್ದು ಕಾಣುತ್ತಿತ್ತು. ಬಿಸಿನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿ ಒರೆಸಿದೆ, ಮೇಣದಂಥ ಅಂಟು ಬಟ್ಟೆಗೆ ಬಂತು. ಹೊಳಪೂ ಅದರ ಜೊತೆಗೇ ಹೋಯಿತು. ಕ್ವಾರ್ಟ್ಸ್ ನೀರು ಹೀರುವುದೇ ಇಲ್ಲ ಅನ್ನಬಹುದು, ಅದಕ್ಕೆ ಸೀಲಿಂಗ್ ಸುಮ್ನೆ ದಂಡ. ಅದೆಲ್ಲ ಮಾರ್ಬಲ್, ಗ್ರಾನೈಟ್‌ಗೆ. ಉಂಗುರ ಇದ್ದಲ್ಲೇ ಇತ್ತು, ಅದರ ಸುತ್ತ ಸ್ಕ್ರಬ್ಬರ್ ಉಜ್ಜಿದ ಕಡೆ ಅಂಗೈ ಅಗಲ ಮಂಕಾಗಿದೆ. ಈ ಮಂಕು ಮನೆಯಲ್ಲಿ ಉಜ್ಜಿದರೆ ಹೋಗುವಂಥದ್ದಲ್ಲ. ಫೋನ್ ಮಾಡಿದರೆ "ಕಲ್ಲೇ ಹಳೆಯದು ಮೇಡಂ" ಅನ್ನುತ್ತಾರೆ.

ಉಳಿದೆರಡನ್ನು ನಾನೇ ತೆಗೆದೆ. ನಲ್ಲಿಯ ಬುಡಕ್ಕೆ ವಿನೆಗರ್, ಅಷ್ಟೇ ನೀರು ಬೆರೆಸಿ ಬಟ್ಟೆಯಲ್ಲಿ ಎರಡು ನಿಮಿಷ ಇಟ್ಟು, ಹಳೆ ಎಟಿಎಂ ಕಾರ್ಡಿನಿಂದ ಮೆಲ್ಲಗೆ ಕೆರೆದು ಚೆನ್ನಾಗಿ ತೊಳೆದೆ. ಜಾಸ್ತಿ ಹೊತ್ತು ಬಿಡಬೇಡಿ. ಅರಿಶಿನಕ್ಕೆ ಅಡುಗೆ ಸೋಡಾ ಕಲಸಿ ಹಚ್ಚಿ, ಹತ್ತು ನಿಮಿಷ ಬಿಟ್ಟು, ಮೆತ್ತಗಿನ ಬಟ್ಟೆಯಲ್ಲಿ ಒರೆಸಿದೆ, ಎರಡು ಸಲ. ಸ್ವಲ್ಪ ಉಳಿದಿತ್ತು, ಕಿಟಕಿಯ ಬಿಸಿಲಿಗೆ ವಾರದಲ್ಲಿ ತಾನೇ ಮಾಸಿತು. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ.

ಉಂಗುರದ ಮೇಲೆ ಈಗ ಮಿಕ್ಸರ್ ಕೂತಿದೆ. ಸಂಕ್ರಾಂತಿಗೆ ಅತ್ತೆ ಬರುತ್ತಾರೆ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಆಗಲೇಬೇಕು. ತುಳಶೀಬಾಗ್‌ನಿಂದ ಮರದ ಸ್ಟ್ಯಾಂಡ್ ಎರಡು ತಂದು ಗ್ಯಾಸಿನ ಎರಡೂ ಕಡೆ ಇಟ್ಟಿದ್ದೇನೆ.