ಹಾರ್ಟ್ ಆಪರೇಷನ್‌ನಲ್ಲಿ ಬಿಪಿ ಏರಿದರೆ ಯಾವ ಔಷಧಿ?

ಅನಸ್ತೇಸಿಯಾ ಕಲಿಯುತ್ತಿರುವವರಿಗೆ ಇದೊಂದು ಗೊಂದಲ, ಅಲ್ವಾ? ರಕ್ತನಾಳ ಹಿಗ್ಗಿಸುವ ಮೂರು ಔಷಧಿಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ.

ನೈಟ್ರೋಗ್ಲಿಸರಿನ್ ಹಳೆಯ ಪರಿಚಯ. ಮುಖ್ಯವಾಗಿ ಸಿರೆಗಳನ್ನು ಹಿಗ್ಗಿಸಿ ಹೃದಯದ ಹೊರೆ ಇಳಿಸುತ್ತದೆ. ಹೃದಯಕ್ಕೇ ರಕ್ತ ಸಾಲದಿದ್ದಾಗ ನಾನು ಇದರ ಕಡೆಗೇ ವಾಲುತ್ತೇನೆ. ಆದರೆ ಒಂದು ದಿನ ಬಿಡದೆ ಕೊಟ್ಟರೆ ದೇಹ ಒಗ್ಗಿಹೋಗುತ್ತದೆ. ಸಾಲದ್ದಕ್ಕೆ ಪಿವಿಸಿ (ಒಂದು ಬಗೆಯ ಪ್ಲಾಸ್ಟಿಕ್) ಟ್ಯೂಬ್ ಕೂಡ ಔಷಧಿಯನ್ನು ಸಾಕಷ್ಟು ಹೀರಿಬಿಡುತ್ತದೆ!

ನೈಟ್ರೋಪ್ರುಸೈಡ್ ಜೋರು. ಬಿಪಿ ಧಡಕ್ಕನೆ ಇಳಿಯುತ್ತದೆ, ಕೆಲವೊಮ್ಮೆ ಬೇಕಾದ್ದಕ್ಕಿಂತ ಜಾಸ್ತಿಯೇ. ಬೆಳಕು ತಾಗಿದರೆ ಕೆಡುವುದರಿಂದ ಬಾಟಲಿಗೆ ಫಾಯಿಲ್ ಸುತ್ತುತ್ತಾರೆ. ದ್ರಾವಣ ನೀಲಿಗೆ ತಿರುಗಿದ್ದರೆ ಬಳಸಬಾರದು. ದೊಡ್ಡ ಡೋಸ್ ಹೆಚ್ಚು ಹೊತ್ತು ಓಡಿದರೆ ಸೈನೈಡ್ ಸೇರಿಕೊಳ್ಳುವ ಭಯ.

ಕ್ಲೆವಿಡಿಪಿನ್ ಹೊಸದು, ಅಮೆರಿಕದಲ್ಲಿ 2008ರಲ್ಲಿ ಒಪ್ಪಿಗೆ ಸಿಕ್ಕಿತು. ಹಾಲಿನಂತೆ ಬೆಳ್ಳಗಿರುತ್ತದೆ, ಸುಮಾರು ಒಂದು ನಿಮಿಷದಲ್ಲಿ ರಕ್ತದಲ್ಲೇ ಅರ್ಧ ಕರಗಿಹೋಗುತ್ತದೆ. ಹಾಗಾಗಿ ಲಿವರ್, ಕಿಡ್ನಿ ಕೆಟ್ಟಿದ್ದರೂ ಹೆಚ್ಚು ತಲೆನೋವಿಲ್ಲ. ಆದರೆ ಸೋಯಾ ಅಥವಾ ಮೊಟ್ಟೆ ಅಲರ್ಜಿ ಇದ್ದವರಿಗೆ ಬೇಡ.

ಅದೇ ವರ್ಷ ಪ್ರಕಟವಾದ ಎಕ್ಲಿಪ್ಸ್ ಅಧ್ಯಯನದಲ್ಲಿ ಹಾರ್ಟ್ ಆಪರೇಷನ್ ಆದ ಸುಮಾರು 1,500 ಮಂದಿ ಇದ್ದರು. ಬಿಪಿಯನ್ನು ಹದದಲ್ಲಿ ಇಡುವುದರಲ್ಲಿ ಕ್ಲೆವಿಡಿಪಿನ್ ಮಿಕ್ಕೆರಡಕ್ಕಿಂತ ಮೇಲು. ನೈಟ್ರೋಪ್ರುಸೈಡ್ ಪಡೆದವರಲ್ಲಿ ಸಾವು ಜಾಸ್ತಿ ಕಂಡಿತು. ಆದರೆ ಹಾರ್ಟ್ ಅಟ್ಯಾಕ್, ಸ್ಟ್ರೋಕ್, ಕಿಡ್ನಿ ತೊಂದರೆಯಲ್ಲಿ ವ್ಯತ್ಯಾಸವಿರಲಿಲ್ಲ. ಯಾರಿಗೆ ಯಾವುದು ಕೊಟ್ಟಿದ್ದೆಂದು ಡಾಕ್ಟರುಗಳಿಗೆ ಗೊತ್ತಿತ್ತು, ಆದ್ದರಿಂದ ಸುಮ್ನೆ ಕಣ್ಣುಮುಚ್ಚಿ ನಂಬಬೇಡಿ.