ಎಳೆ ಎಣಿಸುವವರ ಸಂಜೆಗೊಂದು ವ್ಯಾಸಪೀಠ

ಕಸೂತಿ ಹಾಕುವವರಿಗೆ ಸಂಜೆಯ ಓದು ಸುಲಭಕ್ಕೆ ಒದಗುವಂಥದ್ದಲ್ಲ. ಅಡುಗೆಮನೆಯ ಕೆಲಸವೂ ಕಚೇರಿಯ ಕೆಲಸವೂ ಮುಗಿದ ಮೇಲೆ ನಮ್ಮದೆಂದು ಉಳಿಯುವುದು ಏಳರಿಂದ ಒಂಬತ್ತರವರೆಗಿನ ಎರಡು ಗಂಟೆ ಮಾತ್ರ. ಆ ಹೊತ್ತಿನಲ್ಲಿ ಸೂಜಿ ಹಿಡಿದರೆ ಪುಸ್ತಕ ಕಪಾಟಿನಲ್ಲೇ ಉಳಿಯುತ್ತದೆ, ಪುಸ್ತಕ ಹಿಡಿದರೆ ಅರ್ಧ ತುಂಬಿದ ಸೆರಗು ಮತ್ತೊಂದು ವಾರಕ್ಕೆ ಬೀಳುತ್ತದೆ. ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ ವಾರಕ್ಕೆ ಮೂರು ಸಂಜೆ ಸೇರುವ ನಾವು ನಾಲ್ವರು ಹೆಂಗಸರು ಇವೆರಡನ್ನೂ ಜೊತೆಗೆ ಸಾಗಿಸಬೇಕೆಂದು ಪುಸ್ತಕ ಇಡಲು ತಂತಿಯ ಸ್ಟ್ಯಾಂಡು, ಬಿದಿರಿನ ಸ್ಟ್ಯಾಂಡು, ದಿಂಬಿನ ಮೇಲೆ ಒರಗಿಸಿಟ್ಟ ಮಣೆ ಹೀಗೆ ಹಲವನ್ನು ಬಳಸಿ ನೋಡಿದೆವು. ಕಳೆದ ಐದು ತಿಂಗಳಿಂದ ನಮ್ಮ ನಡುವೆ ನೆಲೆ ನಿಂತಿರುವುದು ಸಾಗವಾನಿ ಕಟ್ಟಿಗೆಯ ಒಂದು ವ್ಯಾಸಪೀಠ. ಕೊಳ್ಳಬೇಕೆಂದಿರುವವರಿಗೆ ಉಪಯೋಗವಾಗಲೆಂದು ಅದರ ಗುಣವನ್ನೂ ಕೊರತೆಯನ್ನೂ ಇಲ್ಲಿ ಬರೆಯುತ್ತಿದ್ದೇನೆ.

ವ್ಯಾಸಪೀಠವನ್ನು ಕಾಣದವರು ಕಡಿಮೆ. ಶ್ರಾವಣದಲ್ಲಿ ಪುರಾಣ ಹೇಳುವವರ ಮುಂದೆ, ಗಮಕಿಗಳ ಮುಂದೆ, ಹಳೆಯ ಮನೆಗಳ ದೇವರ ಕೋಣೆಯಲ್ಲಿ ಅದು ಇದ್ದೇ ಇರುತ್ತದೆ. ಇದೇ ಮಾದರಿಯ ಪೀಠವನ್ನು ಮುಸ್ಲಿಮರ ಮನೆಗಳಲ್ಲಿ ಕುರಾನ್ ಓದಲು ಇಡುತ್ತಾರೆ. ಅಲ್ಲಿ ಅದರ ಹೆಸರು ರೆಹಲ್. ಒಂದೇ ಹಲಗೆಯ ದಪ್ಪವನ್ನು ಎರಡೂ ತುದಿಗಳಿಂದ ಸೀಳಿ, ನಡುವಿನ ಭಾಗದಲ್ಲಿ ಎರಡು ಕೈಗಳ ಬೆರಳು ಹೆಣೆದ ಹಾಗೆ ಹಲ್ಲುಗಳನ್ನು ಬಿಡಿಸುವುದರಿಂದ, ಮೊಳೆಯಾಗಲಿ ಅಂಟಾಗಲಿ ತಿರುಪಾಗಲಿ ಇಲ್ಲದೆಯೇ ಹಲಗೆ ಕತ್ತರಿಯಂತೆ ಬಿಚ್ಚಿ ನಿಲ್ಲುತ್ತದೆ, ಮಡಚಿದರೆ ಮತ್ತೆ ಚಪ್ಪಟೆ ಹಲಗೆಯಾಗುತ್ತದೆ. ಎರಡು ತುಂಡುಗಳನ್ನು ಬೇರೆ ಬೇರೆಯಾಗಿ ಮಾಡಿ ನಡುವೆ ಕಬ್ಬಿಣದ ಕಡ್ಡಿ ತೂರಿಸಿದ ಪೀಠಗಳೂ ಪೇಟೆಯಲ್ಲಿ ಸಿಗುತ್ತವೆ. ನೋಡಲು ಎರಡೂ ಒಂದೇ. ಹಲ್ಲುಗಳ ಬದಿಯಲ್ಲಿ ಕಡ್ಡಿಯ ತುದಿ ಕಾಣುತ್ತದೆಯೇ ಎಂದು ಪರೀಕ್ಷಿಸಿದರೆ ವ್ಯತ್ಯಾಸ ತಿಳಿಯುತ್ತದೆ. ನಮ್ಮದು ಒಂದೇ ಹಲಗೆಯದು. ಉದ್ದ 18 ಇಂಚು, ಅಗಲ 9 ಇಂಚು, ತೂಕ ಸುಮಾರು ಒಂದೂಕಾಲು ಕಿಲೊ. ಕಟ್ಟಿಗೆ ಸಾಮಾನು ಮಾಡುವ ಒಂದು ಸಣ್ಣ ಅಂಗಡಿಯಲ್ಲಿ 950 ರೂಪಾಯಿ ಕೊಟ್ಟು ತಂದೆವು.

ಇದರ ದೊಡ್ಡ ಗುಣವೆಂದರೆ ಎತ್ತರ. ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತವರ ಮೊಣಕಾಲಿನ ಮುಂದೆ ಇದನ್ನಿಟ್ಟರೆ, ಮಡಿಲಲ್ಲಿರುವ ಬಟ್ಟೆಯಿಂದ ಪುಟಕ್ಕೆ ಕಣ್ಣು ಹಾಯಿಸಲು ಕತ್ತನ್ನು ಸ್ವಲ್ಪವೇ ಎತ್ತಿದರೆ ಸಾಕು. ಮೇಜಿಗೆಂದು ಮಾಡಿದ ಬಿದಿರಿನ ಸ್ಟ್ಯಾಂಡಿನಲ್ಲಿ ಪುಟ ನೆಟ್ಟಗೆ ನಿಲ್ಲುವುದರಿಂದ ನೆಲದಲ್ಲಿ ಕುಳಿತವರಿಗೆ ದೀಪದ ಬೆಳಕು ಪುಟಕ್ಕೆ ಹೊಡೆದು ಅಕ್ಷರ ಮಸುಕಾಗುತ್ತಿತ್ತು. ವ್ಯಾಸಪೀಠದ ಎರಡು ಹಲಗೆಗಳು ಓರೆಯಾಗಿ ಮಲಗಿರುತ್ತವೆ, ಆದ್ದರಿಂದ ಎಡಗಡೆಯಿಂದ ಬರುವ ಒಂದೇ ದೀಪ ಬಟ್ಟೆಗೂ ಪುಸ್ತಕಕ್ಕೂ ಸಾಲುತ್ತದೆ. ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಎಳೆ ಎಣಿಸಿದವರಿಗೆ ಈ ಬೆಳಕಿನ ಬೆಲೆ ಗೊತ್ತು.

ಸೂಜಿ ನಡೆಯುತ್ತಿರುವಾಗ ಓದಬಹುದೇ ಎಂಬುದು ಮುಖ್ಯ ಪ್ರಶ್ನೆ. ಅದಕ್ಕೆ ಉತ್ತರ ಪೀಠದಲ್ಲಿಲ್ಲ, ಹೊಲಿಗೆಯಲ್ಲಿದೆ. ಸ್ವೆಟರ್ ಹೆಣೆಯುವವರು ಅದೃಷ್ಟವಂತರು. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹೋಗುವಷ್ಟು ಹೊತ್ತು ಅವರ ಕಣ್ಣಿಗೆ ಕೆಲಸವೇ ಇಲ್ಲ, ಪುಟ ತಿರುಗಿಸಲು ಮಾತ್ರ ಕಡ್ಡಿ ಕೆಳಗಿಡಬೇಕು. ಕಸೂತಿಯಲ್ಲಿ ಹಾಗಾಗುವುದಿಲ್ಲ. ಬಟ್ಟೆಯ ಮೇಲೆ ಪೆನ್ಸಿಲಿನಿಂದ ಬರೆದುಕೊಳ್ಳದೆ, ಎಳೆ ಎಣಿಸಿಯೇ ಗೋಪುರವನ್ನೂ ತೇರನ್ನೂ ತುಳಸಿಕಟ್ಟೆಯನ್ನೂ ಮೂಡಿಸಬೇಕು, ಗಂಟು ಹಾಕುವಂತಿಲ್ಲ, ಗವಂತಿ ಎಂಬ ಹೊಲಿಗೆಯಲ್ಲಿ ಬಟ್ಟೆಯ ಎರಡೂ ಮಗ್ಗುಲು ಒಂದೇ ತೆರನಾಗಿ ಕಾಣಬೇಕು. ಆದರೆ ಗವಂತಿಗೆ ಹೋಗುವ ದಾರಿ ಒಂದು, ಬರುವ ದಾರಿ ಒಂದು ಇರುತ್ತದೆ. ಹೋಗುವಾಗ ಎಳೆ ಎಣಿಸಿ ಒಂದು ಹೊಲಿಗೆ ಹಾಕಿ ಒಂದು ಜಾಗ ಬಿಡುತ್ತೇವೆ. ಬರುವಾಗ ಬಿಟ್ಟ ಜಾಗಗಳನ್ನು ತುಂಬುತ್ತೇವೆ. ಹೋಗುವಾಗ ಮನಸ್ಸೆಲ್ಲ ಎಣಿಕೆಯಲ್ಲಿರಬೇಕು. ಬರುವಾಗ ಎಣಿಸುವಂಥದ್ದೇನೂ ಇಲ್ಲ, ಕಣ್ಣು ಬಟ್ಟೆಯ ಮೇಲಿದ್ದರೂ ಕಿವಿ ಪೂರಾ ಬಿಡುವಾಗಿರುತ್ತದೆ. ಮೆಟ್ಟಿಲಿನಂತೆ ಏರಿಳಿಯುವ ಮುರಗಿ ಹೊಲಿಗೆಗೂ ಇದೇ ಮಾತು ಸಲ್ಲುತ್ತದೆ. ನೇಯ್ಗೆಯಂತೆ ಕಾಣುವ ನೇಗಿ ಹೊಲಿಗೆಯಲ್ಲಿ ಮೊದಲಿನಿಂದ ಕೊನೆಯವರೆಗೆ ಎಣಿಕೆಯೇ ಇರುವುದರಿಂದ ಅದನ್ನು ಹಿಡಿದವರನ್ನು ನಾವು ಮಾತನಾಡಿಸುವುದೂ ಇಲ್ಲ. ಮೆಂತಿ ಹೊಲಿಗೆ, ಮೆಂತ್ಯಕಾಳಿನಂತೆ ಅಡ್ಡಡ್ಡ ಬೀಳುವಂಥದ್ದು, ಕೈ ಪಳಗಿದವರಿಗೆ ಕಥೆ ಕೇಳುತ್ತಲೇ ಆಗುತ್ತದೆ.

ಹೀಗಾಗಿ ಐದು ತಿಂಗಳಲ್ಲಿ ನಮಗೆ ರೂಢಿಯಾದ ಕ್ರಮವೆಂದರೆ, ಒಬ್ಬರು ಸೂಜಿ ಕೆಳಗಿಟ್ಟು ವ್ಯಾಸಪೀಠದ ಮುಂದೆ ಕುಳಿತು ಗಟ್ಟಿಯಾಗಿ ಓದುವುದು, ಉಳಿದ ಮೂವರು ಬರುವ ದಾರಿಯ ಹೊಲಿಗೆಗಳನ್ನು ಆ ಹೊತ್ತಿಗೆಂದೇ ಉಳಿಸಿಕೊಂಡಿರುವುದು. ಯಾರಾದರೂ ಹೊಸ ಸಾಲಿನ ಎಣಿಕೆ ಶುರುಮಾಡಬೇಕಾದರೆ "ಅಕ್ಕಾರ, ಒಂದ್ ಚೂರು ನಿಲ್ಲರಿ" ಎನ್ನುತ್ತಾರೆ, ಓದು ನಿಲ್ಲುತ್ತದೆ. ಒಂದು ಮೊಳದ ದಾರ ಮುಗಿದು ಹೊಸ ದಾರ ಪೋಣಿಸುವ ಬಿಡುವಿನಲ್ಲಿ ಓದುವವರ ಸರದಿ ಬದಲಾಗುತ್ತದೆ. ಪುಸ್ತಕ ಕೈಯಿಂದ ಕೈಗೆ ಹೋಗುವಾಗ ಪುಟ ತಪ್ಪುತ್ತಿದ್ದ ತೊಂದರೆಯನ್ನು ಪೀಠ ನಿವಾರಿಸಿದೆ. ಪುಸ್ತಕ ಇದ್ದಲ್ಲೇ ಇರುತ್ತದೆ, ಜನ ಜರುಗುತ್ತಾರೆ.

ಪೀಠಕ್ಕೆ ಯಾವ ಪುಸ್ತಕ ಒಗ್ಗುತ್ತದೆ ಎಂಬುದನ್ನು ವಿವರವಾಗಿ ಹೇಳಬೇಕು, ಏಕೆಂದರೆ ಇದು ಎಲ್ಲ ಪುಸ್ತಕಗಳನ್ನೂ ಸಮನಾಗಿ ಹಿಡಿಯುವುದಿಲ್ಲ. ದಾರದಿಂದ ಹೊಲಿದು ರಟ್ಟು ಕಟ್ಟಿದ ದಪ್ಪ ಗ್ರಂಥಗಳಿಗೆಂದೇ ಇದನ್ನು ಮಾಡಿದ್ದಾರೆ. ನಮ್ಮಲ್ಲಿರುವ ಕುಮಾರವ್ಯಾಸನ ಗದುಗಿನ ಭಾರತದ ಹಳೆಯ ಪ್ರತಿ ಅದರ ಮೇಲೆ ಕುಳಿತ ದಿನ, ಪೀಠವೂ ಪುಸ್ತಕವೂ ಒಂದಕ್ಕೊಂದು ಹುಟ್ಟಿದವುಗಳಂತೆ ಕಂಡವು. ಪುಸ್ತಕದ ಬೆನ್ನು ನಡುವಿನ ತಗ್ಗಿನಲ್ಲಿ ಇಳಿದು, ಎರಡೂ ಬದಿಯ ಪುಟಗಳು ಹಲಗೆಯ ಮೇಲೆ ಒರಗಿ, ಕೈ ತೆಗೆದರೂ ಹಾಗೇ ಇರುತ್ತವೆ. ಆ ಕಾವ್ಯವನ್ನು ಕೇಳುತ್ತ ಹೊಲಿಯುವುದರಲ್ಲಿ ಒಂದು ವಿಶೇಷ ಸುಖವಿದೆ. ಭಾಮಿನಿ ಷಟ್ಪದಿಯ ಸಾಲು ಮೂರು ನಾಲ್ಕು, ಮೂರು ನಾಲ್ಕು ಮಾತ್ರೆಗಳ ಹೆಜ್ಜೆಯಲ್ಲಿ ನಡೆಯುತ್ತದೆ. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ 14 ಮಾತ್ರೆ, ಮೂರು ಮತ್ತು ಆರನೆಯ ಸಾಲುಗಳಿಗೆ 23. ಆ ನೀಳ ಸಾಲು ಬಂದಾಗ ಓದುವವರ ಉಸಿರು ಹಿಗ್ಗುತ್ತದೆ, ಹೊಲಿಯುವವರ ದಾರವೂ ಉದ್ದಕ್ಕೆ ಎಳೆಯಲ್ಪಡುತ್ತದೆ. ಆದರೆ ಎಣಿಸುವ ಹೊತ್ತಿಗೆ ಈ ಲಯ ಅಪಾಯಕಾರಿ. ವಿರಾಟಪರ್ವ ನಡೆಯುತ್ತಿದ್ದ ಒಂದು ಸಂಜೆ ನಾನು ನಾಲ್ಕು ಎಳೆಗೊಂದು ಹೊಲಿಗೆ ಹಾಕುತ್ತಿದ್ದವಳು ಪದ್ಯದ ನಡೆಗೆ ಕೈಕೊಟ್ಟು ಮೂರು ಎಳೆಗೆ ಸೂಜಿ ಚುಚ್ಚಿದೆ. ಗೋಪುರದ ಬಲಗಡೆಯ ಕಳಸ ಎಡಗಡೆಯದಕ್ಕಿಂತ ಕೆಳಗಿಳಿಯಿತು, ಎರಡು ದಿನದ ಕೆಲಸವನ್ನು ಬಿಚ್ಚಬೇಕಾಯಿತು. ಎಣಿಕೆಯ ಹೊತ್ತಿನಲ್ಲಿ ಓದು ನಿಲ್ಲಬೇಕೆಂಬ ನಿಯಮವನ್ನು ಆ ದಿನವೇ ಮಾಡಿಕೊಂಡೆವು.

ಕುಮಾರವ್ಯಾಸ ತನ್ನ ಪೀಠಿಕೆಯಲ್ಲಿ ಹಲಗೆ ಬಳಪ ಹಿಡಿಯದಿರುವುದನ್ನೂ ಇಟ್ಟ ಪದವನ್ನು ಅಳಿಸದಿರುವುದನ್ನೂ ತನ್ನ ಹೆಮ್ಮೆಯೆಂದು ಹೇಳಿಕೊಳ್ಳುತ್ತಾನೆ. ಬಟ್ಟೆಯ ಮೇಲೆ ಗೆರೆ ಬರೆಯದೆ ತೇರು ಎಬ್ಬಿಸುವ ನಮ್ಮ ಭಾಗದ ಅಜ್ಜಿಯರನ್ನು ನೋಡಿದವರಿಗೆ ಆ ಹೆಮ್ಮೆ ಚೆನ್ನಾಗಿ ಅರ್ಥವಾಗುತ್ತದೆ. ನಮ್ಮ ಗುಂಪಿನಲ್ಲಿ ಆ ಪದ್ಯವನ್ನು ಎಷ್ಟು ಸಲ ಓದಿಸಿದರೂ ಸಾಕೆನಿಸಿಲ್ಲ.

ವಚನಗಳ ಸಂಕಲನ ಇನ್ನೊಂದು ಬಗೆಯಲ್ಲಿ ಒಗ್ಗುತ್ತದೆ. ವಚನ ಗಿಡ್ಡ, ಒಂದು ದಾರ ಮುಗಿದು ಇನ್ನೊಂದು ಶುರುವಾಗುವ ನಡುವೆ ಒಂದನ್ನು ಪೂರ್ತಿ ಓದಬಹುದು, ಮುಂದಿನ ಇಡೀ ದಾರ ಅದರ ಗುಂಗಿನಲ್ಲೇ ಸಾಗುತ್ತದೆ. ನೇಕಾರ ಜೇಡರ ದಾಸಿಮಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಸೂಜಿಕಾಯಕದ ರಾಮಿತಂದೆ ಇವರೆಲ್ಲ ಕೈಕೆಲಸದವರೇ. ಕದಿರ ರೆಮ್ಮವ್ವೆ ತಾನು ತಿರುಗಿಸುವ ರಾಟೆಯ ಅಡಿಹಲಗೆಯಲ್ಲಿ ಬ್ರಹ್ಮನನ್ನೂ ತೋರಣದಲ್ಲಿ ವಿಷ್ಣುವನ್ನೂ ಕಾಣುವ ವಚನವನ್ನು ಓದಿದ ಸಂಜೆ, ನಮ್ಮಲ್ಲಿ ಹಿರಿಯರಾದವರು ಸ್ವಲ್ಪ ಹೊತ್ತು ಸೂಜಿಯನ್ನೇ ನೋಡುತ್ತ ಕುಳಿತಿದ್ದರು. ಕಾದಂಬರಿಗಳಲ್ಲಿ ಎಲ್ಲರೂ ಮತ್ತೆ ಬೇಕೆಂದದ್ದು ಶಿವರಾಮ ಕಾರಂತರ 'ಮೂಕಜ್ಜಿಯ ಕನಸುಗಳು'. ಹಳೆಯ ವಸ್ತುವೊಂದನ್ನು ಕೈಯಲ್ಲಿ ಹಿಡಿದರೆ ಅದರ ಹಿಂದಿನ ಬದುಕೆಲ್ಲ ಕಾಣುವ ಆ ಅಜ್ಜಿ, ಅತ್ತೆಯ ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದು ಅದರ ಹೊಲಿಗೆಯ ಮೇಲೆ ಬೆರಳಾಡಿಸುವವರಿಗೆ ಬೇಗ ಹತ್ತಿರವಾಗುತ್ತಾಳೆ.

ಪೀಠದ ಕೊರತೆ ಕಾಣಿಸಿದ್ದು ಈ ಕಾದಂಬರಿಯಿಂದಲೇ. ಈಗಿನ ಪುಸ್ತಕಗಳಲ್ಲಿ ಹೆಚ್ಚಿನವಕ್ಕೆ ಬೆನ್ನಿಗೆ ಅಂಟು ಹಾಕಿರುತ್ತಾರೆ, ದಾರದ ಹೊಲಿಗೆ ಇರುವುದಿಲ್ಲ. ಬಿಡಿಸಿಟ್ಟರೆ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಬಲವಂತವಾಗಿ ಒತ್ತಿದರೆ ಹಾಳೆ ಕಳಚುತ್ತದೆ. ವ್ಯಾಸಪೀಠದಲ್ಲಿ ಪುಟ ಹಿಡಿಯುವ ಯಾವ ವ್ಯವಸ್ಥೆಯೂ ಇಲ್ಲ, ಪುಸ್ತಕ ಕೆಳಗೆ ಜಾರದಂತೆ ಅಂಚಿನಲ್ಲಿ ಪಟ್ಟಿಯೂ ಇಲ್ಲ. ತೆಳು ಪುಸ್ತಕವಂತೂ ನಡುವಿನ ತಗ್ಗಿನಲ್ಲಿ ಮಡಚಿ ಕೂರುತ್ತದೆ. ಬೈಂಡರ್ ಕ್ಲಿಪ್ಪು ಹಾಕಿ ನೋಡಿದೆವು, ಹಾಳೆಗೆ ಕಲೆ ಬಿತ್ತು. ಕೊನೆಗೆ ಉಳಿದ ಖಣದ ತುಂಡಿನಿಂದ ಒಂಬತ್ತು ಇಂಚು ಉದ್ದದ ಎರಡು ಕಿರು ಚೀಲ ಹೊಲಿದು, ತೊಳೆದು ಒಣಗಿಸಿದ ಹುಣಸೆಬೀಜ ತುಂಬಿ, ಎರಡನ್ನೂ ಒಂದು ಪಟ್ಟಿಯಿಂದ ಜೋಡಿಸಿದೆವು. ಪುಸ್ತಕದ ನೆತ್ತಿಯ ಮೇಲಿಂದ ಅದನ್ನು ಇಳಿಬಿಟ್ಟರೆ ಎರಡೂ ಪುಟಗಳು ಅಲುಗದೆ ನಿಲ್ಲುತ್ತವೆ, ಹಾಳೆಗೆ ಗಾಯವಾಗುವುದಿಲ್ಲ. ಮೊದಲು ಧಾನ್ಯ ತುಂಬಿದ್ದೆವು, ಒಂದೇ ತಿಂಗಳಿಗೆ ಹುಳ ಬಿತ್ತು. ತೆಳು ಪುಸ್ತಕಕ್ಕೆ ಹಿಂದುಗಡೆ ಒಂದು ರಟ್ಟಿನ ಹಾಳೆ ಇಟ್ಟರೆ ಸರಿಹೋಗುತ್ತದೆ.

ನಮ್ಮ ಪೀಠದ ತಯಾರಿಕೆಯಲ್ಲೂ ಎರಡು ದೋಷಗಳಿದ್ದವು. ಪಾಲಿಶ್ ಪೂರ್ತಿ ಒಣಗುವ ಮೊದಲೇ ಮಾರಿದ್ದರಿಂದ ಮೊದಲ ವಾರದಲ್ಲಿ ಎರವಲು ತಂದ ಪುಸ್ತಕವೊಂದರ ರಟ್ಟಿಗೆ ಕಂದು ಬಣ್ಣ ಹತ್ತಿತು. ಆ ಪುಸ್ತಕವನ್ನು ಹಿಂದಿರುಗಿಸುವಾಗ ನನಗಾದ ಸಂಕಟ ಸಣ್ಣದಲ್ಲ. ಬೇರೆ ಪ್ರತಿ ಕೊಂಡು ಕೊಟ್ಟೆ. ಎರಡನೆಯದು, ಒಂದು ಕಾಲು ಸ್ವಲ್ಪ ಗಿಡ್ಡವಾಗಿದ್ದು ಪೀಠ ಕುಲುಕುತ್ತಿತ್ತು. ಅಂಗಡಿಯವರಿಗೆ ತೋರಿಸಿದಾಗ ಬಳಸುತ್ತ ಬಳಸುತ್ತ ಸರಿಯಾಗುತ್ತದೆ ಎಂದರೇ ಹೊರತು ಕೆತ್ತಿ ಕೊಡಲು ಒಪ್ಪಲಿಲ್ಲ. ನಾವೇ ಕಾಲಿಗೆ ದಪ್ಪ ಬಟ್ಟೆ ಅಂಟಿಸಿಕೊಂಡೆವು. 950 ರೂಪಾಯಿ ಪಡೆದವರು ಇಷ್ಟನ್ನು ಮಾಡಿಕೊಡಬೇಕಿತ್ತೆಂದು ಈಗಲೂ ಅನಿಸುತ್ತದೆ. ಮಳೆಗಾಲದಲ್ಲಿ ಹಲ್ಲುಗಳು ಉಬ್ಬಿ ಬಿಗಿಯಾಗುವುದು ಕಟ್ಟಿಗೆಯ ಸ್ವಭಾವ, ಅದನ್ನು ದೋಷವೆನ್ನಲಾಗದು. ಆ ದಿನಗಳಲ್ಲಿ ಜಗ್ಗಿ ಬಿಚ್ಚಿದರೆ ಹಲ್ಲು ಮುರಿಯುತ್ತದೆ, ಹಲ್ಲು ಮುರಿದ ಪೀಠಕ್ಕೆ ರಿಪೇರಿ ಇಲ್ಲ. ಆದ್ದರಿಂದ ಶ್ರಾವಣ ಮುಗಿಯುವವರೆಗೆ ಅದನ್ನು ಬಿಚ್ಚಿಯೇ ಇಡುವುದು ಒಳ್ಳೆಯದು. ಕೀಲಿಗೆ ಎಣ್ಣೆ ಹಾಕಬಾರದು, ಪುಸ್ತಕಕ್ಕೆ ಹತ್ತುತ್ತದೆ. ಒಣ ಮೇಣದಬತ್ತಿ ಉಜ್ಜಿದರೆ ಸಾಕು.

ಕುರ್ಚಿಯಲ್ಲೇ ಕುಳಿತು ಕೆಲಸ ಮಾಡುವವರಿಗೆ, ಒಬ್ಬರೇ ಹೊಲಿಯುವವರಿಗೆ, ಪೇಪರ್‌ಬ್ಯಾಕ್ ಮಾತ್ರ ಓದುವವರಿಗೆ ನಾನು ಇದನ್ನು ಕೊಳ್ಳಿರೆಂದು ಹೇಳಲಾರೆ. ಅವರಿಗೆ ಪುಟ ಹಿಡಿಯುವ ಕಡ್ಡಿಯಿರುವ ಬಿದಿರಿನ ಸ್ಟ್ಯಾಂಡೇ ಮೇಲು. ನೆಲದ ಮೇಲೆ ಕೂಡುವ ರೂಢಿ ಇದ್ದು, ಓದಿ ಹೇಳುವ ಒಂದು ಗಂಟಲು ಮನೆಯಲ್ಲಿದ್ದರೆ ಖಂಡಿತ ಕೊಳ್ಳಬಹುದು. ಸಾಧ್ಯವಾದರೆ ಅಂಗಡಿಯ ಸಿದ್ಧ ಮಾಲಿಗಿಂತ ಬಡಿಗೇರರ ಕೈಯಲ್ಲಿ ಹೇಳಿ ಮಾಡಿಸುವುದು ಉತ್ತಮ. 18 ಇಂಚಿನ ಬದಲು 20 ಇಂಚು ಉದ್ದ ಕೇಳಿ, ಕೆಳಗಿನ ಅಂಚಿಗೆ ಅರ್ಧ ಇಂಚಿನ ಪಟ್ಟಿ ಬಿಡಿಸಿ, ಪಾಲಿಶ್ ಬೇಡವೆಂದು ಹೇಳಿ, ತರುವ ಮುನ್ನ ಸಮತಟ್ಟಾದ ಕಲ್ಲಿನ ಮೇಲಿಟ್ಟು ನಾಲ್ಕು ಕಾಲುಗಳೂ ನೆಲ ಮುಟ್ಟುತ್ತವೆಯೇ ಎಂದು ನೋಡಿಕೊಳ್ಳಿ. ನಮ್ಮ ಗುಂಪಿನ ಇನ್ನೊಬ್ಬರು ಹೀಗೇ ಒಂದನ್ನು ಮಾಡಿಸಲು ಕೊಟ್ಟಿದ್ದಾರೆ. ಅದು ಬರುವಷ್ಟರಲ್ಲಿ ಹುಣಸೆಬೀಜದ ಹೊಸ ಜೋಡಿ ಚೀಲ ಸಿದ್ಧವಾಗಬೇಕು. ಅದರ ಮೇಲೆ ಗವಂತಿಯಲ್ಲಿ ಎರಡು ಗಿಳಿ ಹಾಕುತ್ತಿದ್ದೇನೆ, ಒಂದರ ಕೊಕ್ಕು ಇನ್ನೂ ಬರುವ ದಾರಿಯಲ್ಲಿದೆ.